ಕೀಲು ಸಡ್ಲ ಇದ್ದ ಹುಡುಗಿನ್ನ ಮೂಲ್ಯಾಗ ಕೂಡಸಬ್ಯಾಡ್ರಿ

ಹದಿಮೂರು ಹದಿನಾಲ್ಕರ ಹುಡುಗಿ ಮೊಣಕಾಲ ಬ್ಯಾನಿ ಅಂದ್ರ ನಮ್ಮ ಓಣ್ಯಾಗ ಮೂರು ಮಾತು ತಯಾರ ಇರ್ತಾವ. ಸಾಲಿ ತಪ್ಪಸ್ಲಾಕ ನಾಟಕ. ಯಾರ್ದೋ ದೃಷ್ಟಿ. ಲಗ್ನ ಆದ್ರ ತಾನೇ ಸರಿ ಹೋಗ್ತದ. ಈ ಮೂರನೇದು ಕೇಳಿದ್ರ ನನಗ ಮೈ ಉರೀತದ. ಬ್ಯಾನಿ ಇದ್ದ ಕಾಲಿನ ಮ್ಯಾಲೆ ಅತ್ತಿ ಮನಿ ಕೊಡ ಹೊರಿಸಿದ್ರ ಹ್ಯಾಂಗ ಸರಿ ಹೋಗ್ತದ್ರೀ?

ಕೆಲವು ಮಕ್ಕಳ ಕೀಲು ಹುಟ್ಟಿನಿಂದನೇ ಸಡ್ಲ. ಹೆಬ್ಬೆರಳು ಬಗ್ಗಿಸಿದ್ರ ಮುಂಗೈಗಿ ಹತ್ತತದ, ಕಿರಿಬೆರಳು ಹಿಂದಕ್ಕ ಹೋಗ್ತದ, ಮೊಣಕೈ ಮೊಣಕಾಲು ಹಿಂದಕ್ಕ ಬಾಗ್ತಾವ, ಕಾಲು ಮಡಚದೇ ಅಂಗೈ ನೆಲಕ್ಕ ಊರ್ತಾವ. ಡಾಕ್ಟರ್ ಇದಕ್ಕ ಬೈಟನ್ ಅಂತ 9 ಅಂಕದ ಲೆಕ್ಕ ಹಾಕ್ತಾರ. ಹಿಂಗಿದ್ದ ಬಹಳ ಮಂದಿಗಿ ಏನೂ ತ್ರಾಸ ಇರಂಗಿಲ್ಲ. ಕೆಲವರಿಗಿ ಮಾತ್ರ ದಿನಾ ಬ್ಯಾನಿ, ದಣಿವು. ರಕ್ತ, ಎಕ್ಸ್‌ರೇ ಎಲ್ಲಾ ಸರಿ ಬರ್ತಾವ, ಹಂಗಂತ ಬ್ಯಾನಿ ಸುಳ್ಳಲ್ಲ. ನಮ್ಮ ತಂಗಿ ಮಗಳಿಗಿ ಒಬ್ಬ ಡಾಕ್ಟರ್ ಎಕ್ಸ್‌ರೇ ನೋಡಿ 'ಏನಿಲ್ಲ' ಅಂದು ಕಳಿಸ್ಯಾರ. ಇದೇ ಹುಡುಗಿ ಯೋಗಾಸನದಾಗ ಬಿಲ್ಲಿನಂಗ ಬಾಗಿದಾಗ ಎಲ್ಲಾರೂ ಚಪ್ಪಾಳಿ ಹೊಡದವರೇ!

ನಮ್ಮೂರು ದತ್ತಪ್ಪಂದು. ಮಧ್ಯಾಹ್ನ ಮಂಗಳಾರತಿ ವ್ಯಾಳ್ಯಾಕ ಕಂಬ ಹತ್ತಿ ಒದರೋ ಹೆಣ್ಣಮಕ್ಕಳನ್ನ ನೋಡೇ ಬೆಳದೀವಿ. ಸಂಗಮದಾಗ ಝಳಕ ಮಾಡಸ್ರಿ, ಮಾಧುಕರಿ ಬೇಡ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಕೀಲಿನ ಬ್ಯಾನಿಗಿ ಗಾಳಿ ಬಡದದ ಅಂತ ಹೆಸರು ಹಚ್ಚಬ್ಯಾಡ್ರಿ. ಲಟಕ್ ಅನ್ನೋ ಹಂಗ ಜಗ್ಗೋರ ಹಂತ್ಯಾಕಂತೂ ಒಯ್ಯಲೇಬ್ಯಾಡ್ರಿ. ಮೊದಲೇ ಸಡ್ಲಾಗಿದ್ದು, ಇನ್ನೆಷ್ಟು ಜಗ್ತೀರಿ?

ಅಜ್ಜಿಗೋಳದು ಇನ್ನೊಂದು ಪ್ರೀತಿ ಅದ: 'ಮಕ್ಕೋ ಕೂಸೇ, ಏಳಬ್ಯಾಡ.' ಸಡ್ಲ ಕೀಲಿಗಿ ಆಸರಿ ಅಂದ್ರ ಸುತ್ತಲಿನ ಮಾಂಸ. ತಿಂಗಳಗಟ್ಟಲೆ ಮಕ್ಕೊಂಡ್ರ ಅದೂ ಸೊರಗತದ, ಬ್ಯಾನಿ ಹೆಚ್ಚಾಗ್ತದ. ಅದಕ್ಕ ಫಿಜಿಯೋಥೆರಪಿಯವರು ಸಣ್ಣ ಸಣ್ಣ ಕಸರತ್ತು ಕಲಸ್ತಾರ: ಮಕ್ಕೊಂಡು ಕಾಲು ನೆಟ್ಟಗ ಎತ್ತೋದು, ಗ್ವಾಡಿಗಿ ಬೆನ್ನು ಹಚ್ಚಿ ಅರ್ಧ ಕುಂದ್ರೋದು, ದಿನಾ ಒಂದಿಷ್ಟು ನಡಿಯೋದು. ಕೀಲು ಎಷ್ಟು ಬಾಗ್ತದೋ ಅಷ್ಟೂ ಬಗ್ಗಸೋದಲ್ಲ, ಹಿಡದು ನಿಲ್ಲಸೋದು ಕಲೀಬೇಕು. ಎಂಟು ದಿನಕ್ಕ ಗುಣ ಕಾಣಂಗಿಲ್ಲ, ತಿಂಗಳು ಹಿಡೀತದ. ಕಲಬುರ್ಗಿಗಿ ಹೋಗಿ ಕಲತು ಬಂದ್ರ ಉಳದದ್ದು ಮನ್ಯಾಗೇ ಮಾಡ್ಬಹುದು.

ಹಗೂರ ಅನಿಸಿದ ದಿನ ನಮ್ಮ ಹುಡುಗಿ ಮನಿ ಎಲ್ಲಾ ಸಾರಸ್ತಾಳ, ಮುಂದ ಮೂರು ದಿನ ಹಾಸಿಗಿ. ಅದು ಆಗಬಾರ್ದು. ಬ್ಯಾನಿ ಇದ್ದ ದಿನ ಸ್ವಲ್ಪ, ಇಲ್ಲದ ದಿನಾನೂ ಲೆಕ್ಕದಾಗ. ರೊಟ್ಟಿ ಬಡೀಲಿ, ಹತ್ತಲ್ಲ, ಎರಡು. ಕೀಲು ಬಾತು ಕೆಂಪಾದ್ರ, ಜ್ವರ ಬಂದ್ರ, ತೂಕ ಇಳದ್ರ ಅದು ಬ್ಯಾರೆ ಮಾತು, ಅವತ್ತೇ ಡಾಕ್ಟರ್ ಹಂತ್ಯಾಕ ಹೋಗ್ರಿ.

ಇನ್ನ ಸಾಲಿ. ಬ್ಯಾನಿ ಪೂರಾ ಹೋದ ಮ್ಯಾಲೆ ಕಳಸ್ತೀವಿ ಅಂದ್ರ ಆ ದಿನ ಬರಂಗಿಲ್ಲ, ಅಷ್ಟರಾಗ ವರ ನೋಡ್ಲಾಕ ಶುರು ಮಾಡ್ತೀರಿ. ಅರ್ಧ ದಿನಾರೆ ಕಳಸ್ರಿ. ಮಾಸ್ತರಿಗಿ ಭೆಟ್ಟಿಯಾಗಿ, ನೆಲದ ಬದಲು ಬೆಂಚ್ ಮ್ಯಾಲೆ ಕೂಡಸ್ರಿ, ನಡು ನಡುವೆ ಎದ್ದು ನಿಲ್ಲಗೊಡ್ರಿ, ಚೀಲದ ಭಾರ ಇಳಸ್ರಿ ಅಂತ ಕೇಳ್ರಿ. ಹೆಸರು ತಗಸ್ಲಾಕ ಮಾತ್ರ ಆ ಮೆಟ್ಟಲಾ ಹತ್ತಬ್ಯಾಡ್ರಿ.