ಉಸಿರಿಗೆ ಮಾಸ್ಕ್ ಕಟ್ಟಿದ್ರೆ ಸಾಲದು, ಮಾತೂ ಬೇಕು

"ವೆಂಟಿಲೇಟರ್ ಇಲ್ಲ, ದೊಡ್ಡ ಊರಿಗೆ ಕರ್ಕೊಂಡು ಹೋಗಿ."

ಗಡಿ ತಾಲೂಕಿನಲ್ಲಿ ಈ ಮಾತು ಕೇಳದವರು ಯಾರಿದ್ದೀರಿ ಗೆಳೆಯರೇ? ಮಂಜೇಶ್ವರದವರಿಗೆ ದೊಡ್ಡ ಊರು ಅಂದ್ರೆ ಮಂಗಳೂರು. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ರೋಗಿಗಳೂ ಈಚೆಯೇ ಉಳಿದರು, ದಾರಿ ಬಿಡಿಸಲು ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ತಾಳವಾಡಿಯವರಿಗೆ ಹತ್ತಿರದ ದೊಡ್ಡ ಊರು ಚಾಮರಾಜನಗರ. 2021ರ ಮೇ ಮೊದಲ ವಾರ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲೇ ಆಕ್ಸಿಜನ್ ಕೊರತೆಯ ನಡುವೆ ಒಂದೇ ದಿನ 24 ಜನ ಸತ್ತರು. ಹಾಗಾದ್ರೆ "ದೊಡ್ಡ ಊರಿಗೆ ಹೋಗಿ" ಅನ್ನೋದು ಉತ್ತರವೋ, ಕೈತೊಳೆದುಕೊಳ್ಳೋದೋ?

ವೈರಲ್ ನ್ಯುಮೋನಿಯಾ ಜೋರಾದ ಎಲ್ಲರಿಗೂ ಗಂಟಲಿಗೆ ಕೊಳವೆ ಇಳಿಸಬೇಕಿಲ್ಲ. ಸಿಪ್ಯಾಪ್ ಅಂತ ಇದೆ. ಬಿಗಿಯಾದ ಮಾಸ್ಕ್ ಮೂಲಕ ಸತತ ಒತ್ತಡದಲ್ಲಿ ಗಾಳಿ ಕೊಟ್ಟು, ಕುಸಿಯುವ ಗಾಳಿಗೂಡುಗಳನ್ನು ತೆರೆದಿಡುತ್ತೆ. ಬ್ರಿಟನ್ನಿನಲ್ಲಿ 1,273 ಕೋವಿಡ್ ರೋಗಿಗಳ ಮೇಲೆ ನಡೆದ ರಿಕವರಿ-ಆರ್‌ಎಸ್ ಅಧ್ಯಯನ ನೋಡಿ. ಬರೀ ಆಕ್ಸಿಜನ್ ಪಡೆದವರಲ್ಲಿ ಶೇ. 44.4 ಜನರಿಗೆ ಕೊಳವೆ ಇಲ್ಲವೇ ಸಾವು ಬಂತು. ಸಿಪ್ಯಾಪ್ ಪಡೆದವರಲ್ಲಿ ಶೇ. 36.3. ಲಾಭ ಬಂದದ್ದು ಮುಖ್ಯವಾಗಿ ಕೊಳವೆ ತಪ್ಪಿದ್ದರಿಂದ. ಮೂಗಿನ ಮೂಲಕ ನಿಮಿಷಕ್ಕೆ 60 ಲೀಟರ್‌ವರೆಗೆ ಕೊಡುವ ಹೈಫ್ಲೋದಿಂದ ಅಂಥ ವ್ಯತ್ಯಾಸ ಅಲ್ಲಿ ಕಾಣಲಿಲ್ಲ. ಆ ವೇಗದಲ್ಲಿ ಪೂರ್ತಿ ಆಕ್ಸಿಜನ್ ಹರಿಸಿದ್ರೆ 7,000 ಲೀಟರಿನ ಜಂಬೊ ಸಿಲಿಂಡರ್ ಎರಡು ಗಂಟೆಗೂ ಬರಲ್ಲ. ಆಕ್ಸಿಜನ್ ಪ್ಲಾಂಟ್ ಇಲ್ಲದ ಕಡೆ ಹೈಫ್ಲೋ ಮಿಷನ್ ತಂದಿಟ್ಟು ರಿಬ್ಬನ್ ಕತ್ತರಿಸೋದು ಯಾರ ಉಪಕಾರಕ್ಕೆ?

ಇನ್ನು ಅಸಲಿ ವಿಷಯ. ವೆಂಟಿಲೇಟರಿಗೆ ಹಾಕುವಾಗ ರೋಗಿಗೆ ಮಂಪರು ಕೊಡ್ತಾರೆ. ಮಾಸ್ಕ್ ಹಾಕಿದವರು ಎಚ್ಚರವಾಗಿರ್ತಾರೆ. ಉಸಿರು ಕಟ್ಟಿದಂತಾಗಿ ಗಾಬರಿಯಲ್ಲಿ ಕಿತ್ತು ಹಾಕ್ತಾರೆ. ಅದನ್ನು ತಡೆಯೋದು ಹಗ್ಗ ಅಲ್ಲ, ಮಾತು: "ನಿಧಾನ ಉಸಿರಾಡಿ, ತೆಗೀಬೇಡಿ, ವಾಂತಿ ಬಂದ್ರೆ ಕೂಡ್ಲೇ ಕೈ ಎತ್ತಿ." ವಾಂತಿ ಶ್ವಾಸಕೋಶಕ್ಕೆ ಇಳಿದ್ರೆ ಪ್ರಾಣಕ್ಕೇ ಸಂಚಕಾರ. ಮಾಸ್ಕ್ ಕೆಲಸ ಮಾಡ್ತಿದೆಯೋ ಇಲ್ಲವೋ ಅಂತ ಮೊದಲ ಒಂದೆರಡು ಗಂಟೆ ಬಿಡದೆ ನೋಡಬೇಕು. ಸೋತಾಗಲೂ ಕೊಳವೆ ತಡಮಾಡಿದ್ರೆ ಅಪಾಯ. "ಈಗ ಹೇಗಿದೆ?" ಅಂತ ಕೇಳೋಕೇ ಬಾರದಿದ್ರೆ ನೋಡೋದೇನನ್ನ?

ಎಚ್ಚರವಿರುವ ರೋಗಿಯನ್ನು ಬೋರಲು ಮಲಗಿಸೋದೂ ಒಂದು ಚಿಕಿತ್ಸೆ. ಆರು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೈಫ್ಲೋ ಮೇಲಿದ್ದವರು ಕೊಳವೆ ಇಲ್ಲವೇ ಸಾವಿಗೆ ತುತ್ತಾಗೋ ಪ್ರಮಾಣ ಇದರಿಂದ ನೂರಕ್ಕೆ 46ರಿಂದ 40ಕ್ಕೆ ಇಳಿಯಿತು. ಇದಕ್ಕೆ ಬೇಕಾದ ದೊಡ್ಡ ಸಲಕರಣೆ ರೋಗಿಗೆ ಅರ್ಥವಾಗೋ ಮಾತು!

"ಆಸ್ಪತ್ರೆಗೂ ಭಾಷಾ ರಾಜಕೀಯ ತರ್ತೀರಾ?" ಅಂತಾರೆ. ಸ್ವಾಮಿ, ಮಲಯಾಳಿ ನರ್ಸ್, ತಮಿಳು ನರ್ಸ್ ಮೇಲೆ ನಮಗೆ ಸಿಟ್ಟಿಲ್ಲ. ಹಗಲಿರುಳು ದುಡಿದವರು ಅವರೇ. ನಾವು ಕೇಳ್ತಿರೋದು ಹಾಸಿಗೆ ಪಕ್ಕ ಹತ್ತು ವಾಕ್ಯದ ಒಂದು ಕನ್ನಡ ಹಾಳೆ, ಪಾಳಿಗೊಬ್ಬ ಕನ್ನಡ ಬಲ್ಲವರು. ಅದೂ ದುಬಾರಿನಾ?

ನಿಮ್ಮ ತಾಲೂಕು ಆಸ್ಪತ್ರೆಗೆ ಹೋಗಿ ಮೂರೇ ಪ್ರಶ್ನೆ ಕೇಳಿ. ಸಿಪ್ಯಾಪ್ ಎಷ್ಟಿದೆ, ನಡೆಸೋಕೆ ಯಾರಿಗೆ ತರಬೇತಿ ಆಗಿದೆ? ಆಕ್ಸಿಜನ್ ಎಷ್ಟು ಗಂಟೆಗೆ ಬರುತ್ತೆ? ರಾತ್ರಿ ಪಾಳಿಯಲ್ಲಿ ಕನ್ನಡ ಯಾರಿಗೆ ಬರುತ್ತೆ? ಉತ್ತರ ಸಿಗದಿದ್ರೆ ಅರ್ಜಿ ಹಾಕಿ, ಕನ್ನಡದಲ್ಲೇ ಹಾಕಿ. ರಾಜ್ಯದಲ್ಲಿ ಬಳಕೆಯಲ್ಲಿರೋ ಯಾವುದೇ ಭಾಷೆಯಲ್ಲಿ ಅಹವಾಲು ಕೊಡೋ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ.

ಮುಂದಿನ ಸೋಂಕು ಬಂದ ಮೇಲೆ ಬಾವಿ ತೋಡೋದು ಬೇಡ. ಈ ವಾರವೇ ಹೋಗಿ.