ಮೂರನೆಯ ಸಿಲಿಂಡರಿನ ಮೌನ

ಮಳೆಗಾಲದ ಒಂದು ಮುಂಜಾವು. ರಾಣೇಬೆನ್ನೂರಿನಿಂದ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹೊರಟ ವರ್ತಕರೊಬ್ಬರ ಹಳೆಯ ಪ್ರೀಮಿಯರ್ ಪದ್ಮಿನಿ ಕಾರು, ಹೆದ್ದಾರಿಯನ್ನು ಬಿಟ್ಟು ಹೊರಳುವ ಮೋಟೆಬೆನ್ನೂರಿನ ಬಳಿ ಬಿಕ್ಕತೊಡಗಿತು. ಒಮ್ಮೆ ಮುಂದಕ್ಕೆ ಜಗ್ಗುವುದು, ಮರುಕ್ಷಣವೇ ಹಿಂಜರಿಯುವುದು. ಗ್ಯಾರೇಜಿನವರ ಮಾತಿನಲ್ಲಿ ಹೇಳುವುದಾದರೆ, ಗಾಡಿ 'ಮಿಸ್ಸಿಂಗ್' ಹೊಡೆಯುತ್ತಿತ್ತು. ಸೋಜಿಗವೆಂದರೆ, ಬಿಸಿಲು ಬಿದ್ದ ಮೇಲೆ ಮರಳುವಾಗ ಅದೇ ಕಾರು ಏನೂ ಆಗಿಲ್ಲವೆಂಬಂತೆ ಓಡಿತು. ಎರಡು ವಾರ ಇದೇ ಆಟ ನಡೆಯಿತು.

ಕುಶಲಿಗನೊಬ್ಬ ಬಾನೆಟ್ ಎತ್ತಿ ನೋಡಿ, ಎಂಜಿನ್ ಸವೆದಿದೆ, ಇಳಿಸಿ ಬೋರ್ ಮಾಡಿಸದೆ ಗತ್ಯಂತರವಿಲ್ಲ ಎಂದು ತೀರ್ಪಿತ್ತ. ಅವನು ಹೇಳಿದ ಖರ್ಚು ಕಾರಿನ ಬೆಲೆಯನ್ನೇ ನುಂಗುವಂತಿತ್ತು. ಪದ್ಮಿನಿಯ ತಯಾರಿಕೆ ನಿಂತು ಎರಡು ದಶಕಗಳು ಸಂದಿವೆ; ಬಿಡಿಭಾಗಗಳನ್ನು ಹುಡುಕಿಯೇ ತರಬೇಕು. ಗುಜರಿಯವನು ಭಾನುವಾರ ಬರುವೆನೆಂದು ಹೇಳಿಹೋದ. ಆದರೆ ಆ ಕಾರನ್ನು 1984ರಲ್ಲಿ ಕೊಂಡವರು ವರ್ತಕರ ತಂದೆ. ಈಗ ವೃದ್ಧರು, ಕಣ್ಣು ಮಂಜಾಗಿದೆ. ಜಗಲಿಯಲ್ಲಿ ಕುಳಿತು, ಎಂಜಿನ್ನಿನ ಸದ್ದಿನಿಂದಲೇ ಮಗ ಬಂದನೆಂದು ಅರಿಯುತ್ತಿದ್ದವರು. ಬಿಕ್ಕುವ ಕಾರು ಮನೆಯ ಮುಂದೆ ನಿಂತ ದಿನ ಅವರು, "ಯಾರ ಗಾಡಿ ಬಂತೋ?" ಎಂದು ಕೇಳಿದರು. ಮಗನಿಗೆ ಆ ರಾತ್ರಿ ಊಟ ಸೇರಲಿಲ್ಲ.

ಶನಿವಾರ ಅವರು ಹಾವೇರಿಯ ಹಿರಿಯ ಮಿಸ್ತ್ರಿಯೊಬ್ಬರ ಬಳಿ ಹೋದರು. ಮಿಸ್ತ್ರಿ ಉಪಕರಣಕ್ಕೆ ಕೈಹಾಕುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಯಾವಾಗ ತಪ್ಪತೈತ್ರಿ, ಸಾಹುಕಾರ್ರ?"

ಮಳೆಯ ಮುಂಜಾನೆ ಮಾತ್ರ ಎಂಬ ಉತ್ತರದಲ್ಲಿಯೇ ಅರ್ಧ ನಿದಾನವಿತ್ತು. ಸವೆತವೆಂಬುದು ಮಳೆ ಬಿಸಿಲನ್ನು ನೋಡಿಕೊಂಡು ಬಂದು ಹೋಗುವ ವ್ಯಾಧಿಯಲ್ಲ. ತೇವಕ್ಕೆ ಅಂಜುವುದು ವಿದ್ಯುತ್ತು. ಕಾಯಿಲ್ ಎಂಬ ಸುರುಳಿಯು ಬ್ಯಾಟರಿಯ 12 ವೋಲ್ಟನ್ನು ಹತ್ತು ಸಾವಿರಕ್ಕೂ ಮೀರಿಸುತ್ತದೆ. ಡಿಸ್ಟ್ರಿಬ್ಯೂಟರ್ ಅದನ್ನು ನಾಲ್ಕು ಪ್ಲಗ್ಗುಗಳಿಗೆ ಸರದಿಯಂತೆ ಹಂಚುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿನಲ್ಲಿಯೂ ಸೆಕೆಂಡಿಗೆ 25 ಕಿಡಿಗಳು ಹೊತ್ತಬೇಕು. ಅಷ್ಟು ಒತ್ತಡದ ವಿದ್ಯುತ್ತಿಗೆ ಸುಲಭದ ಅಡ್ಡದಾರಿ ದೊರೆತರೆ ಅದು ಪ್ಲಗ್ಗಿನ ಕಡೆಗೆ ಹೋಗುವುದೇ ಇಲ್ಲ.

ಮಿಸ್ತ್ರಿ ಸ್ವಲ್ಪ ನೀರು ಚಿಮುಕಿಸಿ ಎಂಜಿನ್ ಚಾಲೂ ಮಾಡಿದರು, ಬಿಕ್ಕು ಮರಳಿತು. ಪ್ಲಗ್ಗಿನ ತಂತಿಗಳನ್ನು ರಬ್ಬರ್ ಹಿಡಿಕೆಯ ಇಕ್ಕಳದಿಂದ ಒಂದೊಂದಾಗಿ ಎತ್ತಿದರು. ಮೊದಲನೆಯದನ್ನು ಎತ್ತಿದಾಗ ಎಂಜಿನ್ ಇನ್ನೂ ಸೊರಗಿತು, ಎರಡನೆಯದಕ್ಕೂ ಹಾಗೆಯೇ. ಮೂರನೆಯದನ್ನು ಎತ್ತಿದರೆ ಸದ್ದಿನಲ್ಲಿ ಏನೊಂದೂ ಬದಲಾಗಲಿಲ್ಲ.

"ಮೂರ್ನೇದು ಸತ್ತೈತ್ರಿ. ಕೊಂದವ್ರು ಯಾರಂತ ನೋಡೂಣು."

ಮುಂದಿನದು ತರ್ಕಶಾಸ್ತ್ರದ ಅನ್ವಯ ವ್ಯತಿರೇಕವಲ್ಲದೆ ಬೇರೆಯಲ್ಲ. ಮಿಸ್ತ್ರಿ ಆ ಹೆಸರನ್ನು ಕೇಳಿರಲಾರರು. ಮೂರನೆಯ ಪ್ಲಗ್ಗನ್ನು ಮೊದಲನೆಯದರ ಜಾಗಕ್ಕೂ ಮೊದಲನೆಯದನ್ನು ಅಲ್ಲಿಗೂ ಹಾಕಿದರು. ದೋಷವು ಪ್ಲಗ್ಗಿನೊಡನೆ ಹೋಗಲಿಲ್ಲ. ತಂತಿಯನ್ನು ಬದಲಿಸಿದರು, ಆಗಲೂ ಮೂರನೆಯದೇ ಮೂಕ. ಒತ್ತಡದ ಮಾಪಕವನ್ನಿಟ್ಟು ನೋಡಿದರೆ ನಾಲ್ಕೂ ಸಿಲಿಂಡರುಗಳು ಹೆಚ್ಚುಕಡಿಮೆ ಸಮ. ಬೋರ್ ಮಾಡಿಸುವ ಮಾತು ಅಲ್ಲಿಗೆ ಸತ್ತಿತು.

ಕತ್ತಲಾಗುವ ತನಕ ಕಾದು, ಕಾರನ್ನು ಬಯಲಿನಲ್ಲಿಯೇ ನಿಲ್ಲಿಸಿ (ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸುವುದು ಪ್ರಾಣಾಪಾಯ) ದೀಪಗಳನ್ನೆಲ್ಲ ಆರಿಸಿದರು. ಡಿಸ್ಟ್ರಿಬ್ಯೂಟರಿನ ಮುಚ್ಚಳದ ಮೇಲೆ ಕೂದಲೆಳೆಯಂಥ ನೀಲಿ ಮಿಂಚೊಂದು ಮೂರನೆಯ ತಂತಿಯ ಬುಡದಿಂದ ಕೆಳಗಿನ ಲೋಹದೆಡೆಗೆ ಹರಿದಾಡುತ್ತಿತ್ತು. ಹಗಲಿನಲ್ಲಿ ಕಾಣದ ಬಿರುಕು! ತೇವ ತುಂಬಿದಾಗ ಅದೇ ವಿದ್ಯುತ್ತಿನ ದಾರಿ. ಎಂಜಿನ್ನಿನ ಕಾವಿಗೆ ಒಣಗಿದಾಗ ದಾರಿ ಬಂದ್. ಒರೆಸಿದರೆ ಒಂದೆರಡು ದಿನ ನಡೆದೀತು, ಆದರೆ ಸುಟ್ಟು ಕರಿಯಾದ ಗೆರೆ ಮತ್ತೆ ಕಿಡಿಯನ್ನು ಕರೆಯುತ್ತದೆ. ಹುಬ್ಬಳ್ಳಿಯಿಂದ ಹೊಸ ಮುಚ್ಚಳವನ್ನು ತರಿಸಬೇಕಾಯಿತು. ಅದರ ಬೆಲೆ ಬೋರಿನ ಖರ್ಚಿನ ಮುಂದೆ ಲೆಕ್ಕಕ್ಕೂ ಬಾರದು.

ಈಗಿನ ಪೆಟ್ರೋಲ್ ಕಾರುಗಳಲ್ಲಿ ಈ ಮುಚ್ಚಳವೇ ಇಲ್ಲ. ಬಹುತೇಕ ಒಂದೊಂದು ಸಿಲಿಂಡರಿಗೂ ಒಂದೊಂದು ಕಾಯಿಲ್. ತಂತಿ ಎತ್ತಿ ನೋಡುವ ಪರೀಕ್ಷೆಯನ್ನು ಅವುಗಳ ಮೇಲೆ ಮಾಡಲಾಗದು. ಸ್ಕ್ಯಾನರ್ ಜೋಡಿಸಿದರೆ 'ಪಿ 0303' ಎಂಬ ಸಂಕೇತ ಬರುತ್ತದೆ. ಮೂರನೆಯದು ತಪ್ಪುತ್ತಿದೆ ಎಂದು ಅದರ ಅರ್ಥ. ಯಾವುದು ಎಂದು ಯಂತ್ರ ಹೇಳುತ್ತದೆ. ಏಕೆ ಎಂಬುದನ್ನು ಕಾಯಿಲನ್ನೋ ಪ್ಲಗ್ಗನ್ನೋ ಅದಲುಬದಲು ಮಾಡಿ ಮನುಷ್ಯನೇ ಕಂಡುಕೊಳ್ಳಬೇಕು. ಎಂಜಿನ್ ದೀಪ ಮಿನುಗತೊಡಗಿದರೆ ಮಾತ್ರ ಓಡಿಸುತ್ತ ಹೋಗಬಾರದು: ಉರಿಯದ ಪೆಟ್ರೋಲ್ ಹೊಗೆಕೊಳವೆಯೊಳಗಿನ ಶೋಧಕಕ್ಕೆ ಹೋಗಿ ಉರಿದು ಅದನ್ನು ಹಾಳುಗೆಡವುತ್ತದೆ.

ಮುಚ್ಚಳ ಬಂದದ್ದು ಮಂಗಳವಾರ. ಗುಜರಿಯವನು ಭಾನುವಾರವೇ ಬಂದು ಬರಿಗೈಯಲ್ಲಿ ಮರಳಿದ್ದ. ಬುಧವಾರ ಬ್ಯಾಡಗಿಯಿಂದ ತಿರುಗಿ ಬರುವಾಗ ಜಿಟಿಜಿಟಿ ಮಳೆ ಹಿಡಿದಿತ್ತು. ಕಾರು ಮನೆಯ ಮುಂದೆ ನಿಲ್ಲುವ ಮೊದಲೇ ಜಗಲಿಯಿಂದ ದನಿ ಬಂದಿತು:

"ಬಂದ್ಯಾ? ಗಾಡಿ ಒಳಗ ಹಚ್ಚು, ತೋಯ್ತೈತಿ."