ಗುಣಲಬ್ಧ ಸೊನ್ನೆಯಾದಾಗ

ಮೈಸೂರಿನಿಂದ ಹುಣಸೂರಿನ ಕಡೆಗೆ ಹೊರಟವರಿಗೆ ಹೂಟಗಳ್ಳಿ ಸಿಗುತ್ತದೆ. ಒಂದು ಕಾಲಕ್ಕೆ ಹಳ್ಳಿಯಾಗಿದ್ದ ಈ ಊರಿನಲ್ಲಿ ಇಂದು ಕೈಗಾರಿಕಾ ಪ್ರದೇಶವೂ ಗೃಹಮಂಡಳಿಯ ಬಡಾವಣೆಯೂ ಇವೆ. ಇಂತಹ ಬಡಾವಣೆಗಳಲ್ಲೆಲ್ಲ 'ಮೂವತ್ತು-ನಲವತ್ತು' ಎಂಬುದು ಮನೆಮಾತು. ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದದ ನಿವೇಶನವೆಂದು ಅದರ ಅರ್ಥ. ಈ ಸಾಮಾನ್ಯ ಮಾತಿನಲ್ಲಿ ಬೀಜಗಣಿತದ ಒಂದು ಮುಖ್ಯ ತತ್ತ್ವವನ್ನು ಕಾಣಬಹುದು.

ಅಳತೆಗಳು ತಿಳಿದಿದ್ದರೆ ಅವನ್ನು ಗುಣಿಸಿ, ವಿಸ್ತೀರ್ಣ 1200 ಚದರ ಅಡಿ ಎಂದು ಹೇಳುವುದು ಸುಲಭ. ಆದರೆ ವಿಸ್ತೀರ್ಣ 1200 ಚದರ ಅಡಿ, ಉದ್ದವು ಅಗಲಕ್ಕಿಂತ 10 ಅಡಿ ಹೆಚ್ಚು ಎಂದಷ್ಟೇ ತಿಳಿದಿದ್ದರೆ ಅಳತೆಗಳನ್ನು ಕಂಡುಹಿಡಿಯುವ ಬಗೆ ಹೇಗೆ? ಪ್ರಾಚೀನ ಭಾರತದ ಗಣಿತಜ್ಞರು ತಿಳಿಯದ ರಾಶಿಯನ್ನು 'ಯಾವತ್ತಾವತ್' ಎಂದು ಕರೆದು, 'ಯಾ' ಎಂಬ ಅಕ್ಷರದಿಂದ ಸೂಚಿಸುತ್ತಿದ್ದರು. ಅದೇ ರೀತಿಯಲ್ಲಿ ಅಗಲವನ್ನು 'ಯ' ಎಂದು ಕರೆದರೆ, ಯ(ಯ + 10) = 1200 ಎಂದಾಗುತ್ತದೆ.

ಅವಸರದ ವಿದ್ಯಾರ್ಥಿ ಎಡವುವುದು ಇಲ್ಲಿಯೇ. ಎಡಗಡೆಯಲ್ಲಿ ಎರಡು ಅಪವರ್ತನಗಳಿರುವುದನ್ನು ಕಂಡು, ಅವುಗಳಲ್ಲಿ ಒಂದು 1200 ಆಗಿರಬೇಕೆಂದು ಅವನು ಭಾವಿಸುತ್ತಾನೆ. 30 ಮತ್ತು 40, 24 ಮತ್ತು 50, 20 ಮತ್ತು 60, ಈ ಜೋಡಿಗಳೆಲ್ಲವೂ 1200ನ್ನು ಕೊಡುತ್ತವೆ. ಭಿನ್ನರಾಶಿಗಳನ್ನೂ ಸೇರಿಸಿಕೊಂಡರೆ ಇಂತಹ ಜೋಡಿಗಳಿಗೆ ಕೊನೆಯೇ ಇಲ್ಲ. ಸೊನ್ನೆಯ ಸಂಗತಿ ಮಾತ್ರ ಬೇರೆ. ಎರಡು ಸಂಖ್ಯೆಗಳ ಗುಣಲಬ್ಧ ಸೊನ್ನೆಯಾದರೆ, ಅವುಗಳಲ್ಲಿ ಒಂದಾದರೂ ಸೊನ್ನೆಯಾಗಿರಲೇಬೇಕು. ಬೇರೆ ಯಾವ ಸಂಖ್ಯೆಗೂ ಈ ಗುಣವಿಲ್ಲ.

ಆದುದರಿಂದಲೇ ಎಲ್ಲ ಪದಗಳನ್ನೂ ಒಂದೇ ಕಡೆಗೆ ತಂದು ಯ² + 10ಯ − 1200 = 0 ಎಂದು ಬರೆಯಬೇಕು. ಮೊತ್ತ 10, ಗುಣಲಬ್ಧ −1200 ಆಗುವ ಸಂಖ್ಯೆಗಳು 40 ಮತ್ತು −30. ಆಗ ಸಮೀಕರಣವು (ಯ + 40)(ಯ − 30) = 0 ಎಂಬ ರೂಪವನ್ನು ತಾಳುತ್ತದೆ. ಮೂಲಗಳು −40 ಮತ್ತು 30. ಅಗಲವು ಋಣಸಂಖ್ಯೆಯಾಗಲಾರದು, ಆದುದರಿಂದ ಅದು 30 ಅಡಿ.

ಋಣಮೂಲವನ್ನು ಬಿಟ್ಟುಬಿಟ್ಟರೆ ಸಾಕೆಂದು ತಿಳಿಯುವುದೂ ಸರಿಯಲ್ಲ. ಕಾರ್ಖಾನೆಯೊಂದರಲ್ಲಿ 30 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲದ ತಗಡಿನ ನಾಲ್ಕು ಮೂಲೆಗಳಿಂದ ಸಮಾನ ಚೌಕಗಳನ್ನು ಕತ್ತರಿಸಿ, ಅಂಚುಗಳನ್ನು ಮೇಲಕ್ಕೆ ಮಡಿಸಿ, ತಳದ ವಿಸ್ತೀರ್ಣ 200 ಚದರ ಸೆಂ.ಮೀ. ಇರುವ ಪೆಟ್ಟಿಗೆಯನ್ನು ಮಾಡಬೇಕಾಗಿದೆ ಎಂದುಕೊಳ್ಳೋಣ. ಚೌಕದ ಬಾಹು ಯ ಆದರೆ (30 − 2ಯ)(20 − 2ಯ) = 200. ಇದನ್ನು ಸರಳಗೊಳಿಸಿದಾಗ ಯ² − 25ಯ + 100 = 0, ಅಂದರೆ (ಯ − 5)(ಯ − 20) = 0. ಎರಡು ಮೂಲಗಳೂ ಧನಸಂಖ್ಯೆಗಳೇ. ಆದರೆ 20 ಸೆಂ.ಮೀ. ಅಗಲದ ತಗಡಿನ ಎರಡೂ ಬದಿಗಳಿಂದ ಇಪ್ಪತ್ತಿಪ್ಪತ್ತು ಸೆಂ.ಮೀ. ಕತ್ತರಿಸುವುದು ಯಾವ ಕುಶಲಕರ್ಮಿಗೂ ಸಾಧ್ಯವಿಲ್ಲ. ಉತ್ತರ 5 ಮಾತ್ರ. ಮೂಲಗಳನ್ನು ಬೀಜಗಣಿತ ಕೊಡುತ್ತದೆ. ಅವುಗಳಲ್ಲಿ ಸಲ್ಲುವುದನ್ನು ಆರಿಸಲು ವಿವೇಕ ಬೇಕು.

ಕನ್ನಡ ನಾಡಿಗೆ ಇಂತಹ ಲೆಕ್ಕಗಳು ಹೊಸವಲ್ಲ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿನಲ್ಲಿ, ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ರಚಿಸಿದನು. ಅದರಲ್ಲಿ ಒಂಟೆಗಳ ಲೆಕ್ಕವೊಂದಿದೆ. ಹಿಂಡಿನ ಕಾಲುಭಾಗ ಕಾಡಿನಲ್ಲಿದೆ, ವರ್ಗಮೂಲದ ಎರಡರಷ್ಟು ಬೆಟ್ಟಕ್ಕೆ ಹೋಗಿವೆ, ಉಳಿದ 15 ಹೊಳೆಯ ದಡದಲ್ಲಿವೆ. ಮಹಾವೀರನು ಇದಕ್ಕೆ ಬೇರೆ ಸೂತ್ರವನ್ನು ಹೇಳಿದ್ದಾನೆ. ಆದರೆ ವರ್ಗಮೂಲವನ್ನು ಯ ಎಂದಿಟ್ಟುಕೊಂಡರೆ 3ಯ² − 8ಯ − 60 = 0 ಎಂಬ ಸಮೀಕರಣ ಬರುತ್ತದೆ; ಅದು (ಯ − 6)(3ಯ + 10) = 0 ಎಂದು ಬಿಡಿಸಿಕೊಳ್ಳುತ್ತದೆ. ಯ = 6; ಒಂಟೆಗಳು 36.

ವರ್ಗಸಮೀಕರಣಕ್ಕೆ ಸಿದ್ಧಸೂತ್ರವಿರುವಾಗ ಅಪವರ್ತನಗಳನ್ನು ಹುಡುಕುವ ಶ್ರಮವೇಕೆ ಎಂದು ಕೆಲವರು ಕೇಳುತ್ತಾರೆ. ಅವರ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಅದೇ ನಿವೇಶನದ ವಿಸ್ತೀರ್ಣ 1100 ಚದರ ಅಡಿಯಾಗಿದ್ದರೆ, ಎಷ್ಟು ಹುಡುಕಿದರೂ ಪೂರ್ಣಾಂಕಗಳ ಜೋಡಿ ದೊರೆಯುವುದಿಲ್ಲ. ಅಲ್ಲಿ ಶ್ರೀಧರಾಚಾರ್ಯನ ಹೆಸರಿನಲ್ಲಿ ಪ್ರಸಿದ್ಧವಾದ ಸೂತ್ರವೇ ಗತಿ. ಆದರೆ ಆ ಸೂತ್ರದ ಸೀಮೆ ವರ್ಗಸಮೀಕರಣದಲ್ಲಿಯೇ ಮುಗಿಯುತ್ತದೆ. ಯ³ = 25ಯ ಎಂಬಲ್ಲಿ ಎರಡು ಕಡೆಯನ್ನೂ ಯ ಇಂದ ಭಾಗಿಸಿದವನು ಸೊನ್ನೆಯೆಂಬ ಮೂಲವನ್ನು ಕಳೆದುಕೊಳ್ಳುತ್ತಾನೆ. ಯ(ಯ − 5)(ಯ + 5) = 0 ಎಂದು ಅಪವರ್ತಿಸಿದವನಿಗೆ ಮೂರು ಮೂಲಗಳೂ ದಕ್ಕುತ್ತವೆ. ಐದನೆಯ ಘಾತದ ಸಮೀಕರಣಗಳೆಲ್ಲವನ್ನೂ ವರ್ಗಮೂಲ, ಘನಮೂಲ ಮೊದಲಾದವುಗಳಿಂದ ಬಿಡಿಸುವ ಸಾರ್ವತ್ರಿಕ ಸೂತ್ರವೇ ಇರಲಾರದೆಂದು ನಾರ್ವೆಯ ಆಬೆಲ್ 1824ರಲ್ಲಿ ಸಾಧಿಸಿ ತೋರಿಸಿದನು.

ಸೂತ್ರವನ್ನು ಕಲಿಯುವುದು ಅವಶ್ಯಕ. ಆದರೆ ಅಪವರ್ತನವನ್ನು ಅದಕ್ಕೂ ಮೊದಲು ಅರಿಯುವುದು ಲೇಸು. ಸೂತ್ರವನ್ನು ಮರೆತವನು ಪುಸ್ತಕವನ್ನು ತೆರೆಯಬೇಕಾಗುತ್ತದೆ. ಗುಣಲಬ್ಧ ಸೊನ್ನೆಯಾದಾಗ ಏನಾಗುತ್ತದೆಂಬುದನ್ನು ಒಮ್ಮೆ ಮನಗಂಡವನು ಅದನ್ನು ಮರೆಯುವುದೇ ಇಲ್ಲ.